ಅಣ್ಣನ ಮೊಬೈಲಿಗೆ ಹೋದ ರಿಪೋರ್ಟು

ಲ್ಯಾಬಿನ ಕೌಂಟರಿನಲ್ಲಿದ್ದ ಹುಡುಗಿ ಡಾಕ್ಟರ ಚೀಟಿ ಓದಿ ನನ್ನ ಕೊರಳು ನೋಡಿದಳು. ತಾಳಿ ಇರಲಿಲ್ಲ. ಮದುವೆ ಆಗಿದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಎದ್ದು ಒಳಗೆ ಹೋದಳು.

ನನಗಾಗ ನಲವತ್ತು ದಾಟಿತ್ತು. ದೇಶಪಾಂಡೆ ನಗರದಲ್ಲಿ ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿದ್ದೆ. ಹಗಲು ಅಮರಗೋಳದ ಅವನ ಕಾಳಿನ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಕೆಲವು ವಾರಗಳಿಂದ ಕೆಳಗೆ ತುರಿಕೆ, ಉರಿ, ಒಡೆದ ಮೊಸರಿನಂಥ ಬಿಳಿ ಸ್ರಾವ. ಕುರ್ಚಿಯ ಮೇಲೆ ಕೂರಲಾಗುತ್ತಿರಲಿಲ್ಲ. ಔಷಧಿ ಅಂಗಡಿಯ ಮುಲಾಮು ಹಚ್ಚಿದರೆ ಉರಿ ಇನ್ನೂ ಹೆಚ್ಚಾಯಿತು. ಕೊನೆಗೆ ತೋರಿಸಿದ ಲೇಡಿ ಡಾಕ್ಟರು, ಊಹೆಯ ಮೇಲೆ ಮಾತ್ರೆ ಕೊಡುವುದಿಲ್ಲ, ಯಾವ ಸೋಂಕೆಂದು ತಿಳಿಯಲಿ ಎಂದು ಯೋನಿಯ ಸ್ವಾಬ್ ಪರೀಕ್ಷೆಗೆ ಬರೆದುಕೊಟ್ಟಿದ್ದರು.

ಒಳಗಿನಿಂದ ನರ್ಸು ಬಂದಳು. ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ ಹೇಳಿದಳು: “ಮದುವಿ ಆಗದವರದು ನಾವು ತಗೊಳ್ಳೂದಿಲ್ರಿ. ಮನಿಯವರನ್ನ ಯಾರನ್ನರ ಕರಕೊಂಡ ಬರ್ರಿ.”

“ನಿಮ್ಮವ್ವನ ವಯಸ್ಸಿನಾಕಿ ಅದೀನಿ. ನಾ ಯಾರನ್ನ ಕರಕೊಂಡ ಬರ್ಲಿ?”

ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ರೋಗಿಯೇ ಸ್ವಾಬ್ ತೆಗೆದುಕೊಳ್ಳಬಹುದು ಎಂದು ಅವರು ಹೇಳಿದರಂತೆ. ತುದಿಗೆ ಹತ್ತಿ ಸುತ್ತಿದ ಉದ್ದನೆಯ ಕಡ್ಡಿ, ಒಂದು ಕೊಳವೆ ಕೊಟ್ಟು ನರ್ಸು ಬಚ್ಚಲು ತೋರಿಸಿದಳು. ಒಳಗೆ ಹಾಕಿ ಮೆಲ್ಲಗೆ ತಿರುಗಿಸಬೇಕು, ತುದಿ ಎಲ್ಲಿಯೂ ತಾಗದ ಹಾಗೆ ಕೊಳವೆಯೊಳಗಿಟ್ಟು ಮುಚ್ಚಬೇಕು. ಬಾಗಿಲಿನ ಚಿಲಕ ಕೂಡುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಎಲ್ಲ ಮಾಡಿದೆ. ಕೊಳವೆಯನ್ನು ಕೌಂಟರಿನ ಮೇಲೆ ಇಟ್ಟಾಗ ಆ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು.

ರಿಪೋರ್ಟು ನನಗೆ ಬರಲೇ ಇಲ್ಲ. ಹಿಂದೆ ಅವ್ವನ ರಕ್ತ ಪರೀಕ್ಷೆ ಮಾಡಿಸುವಾಗ ಕೊಟ್ಟಿದ್ದ ಅಣ್ಣನ ನಂಬರು ಅವರ ಕಂಪ್ಯೂಟರಿನಲ್ಲಿ ನಮ್ಮ ಮನೆಯ ವಿಳಾಸಕ್ಕೆ ಹಾಗೇ ಉಳಿದಿತ್ತು. ಅದಕ್ಕೇ ಕಳಿಸಿದ್ದರು.

ಎರಡು ದಿನದ ಮೇಲೆ ಸಂಜೆ ಊಟಕ್ಕೆ ಕೂತಾಗ ಅಣ್ಣ ಮೊಬೈಲನ್ನು ನನ್ನ ತಾಟಿನ ಪಕ್ಕಕ್ಕೆ ಸರಿಸಿದ. ಅವನ ಹೆಂಡತಿ, ನನ್ನ ವೈನಿ, ಒಲೆ ಆರಿಸಿದಳು.

“ಯಾರಂವ?” ಎಂದ.

ನಾನು ರಿಪೋರ್ಟು ಓದಿದೆ. ಡಾಕ್ಟರು ಮೊದಲೇ ಅನುಮಾನಪಟ್ಟಿದ್ದ ಕ್ಯಾಂಡಿಡಾ.

“ಇದು ಬೂಷ್ಟು ಅಣ್ಣಾ. ರೊಟ್ಟಿಗೂ ಹಿಡೀತದ. ರೊಟ್ಟಿಗೂ ಯಾರಂವ ಅಂತ ಕೇಳ್ತೀಯೇನು?”

ಮದುವೆ ಆಗದವರಿಗೆ ಇಂಥ ಪರೀಕ್ಷೆ ಯಾಕೆ ಬರೆಯುತ್ತಾರೆ ಎಂದು ವೈನಿ ಗೋಡೆಗೆ ಹೇಳುವಂತೆ ಹೇಳಿದಳು. ಎರಡನೆಯ ಬಸುರಿನಲ್ಲಿ ಅವಳಿಗೂ ಇದೇ ತುರಿಕೆ ಬಂದಿತ್ತು. ಆಸ್ಪತ್ರೆಗೆ ಜೊತೆಗೆ ಹೋದವಳು ನಾನು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನುಂಗಬಾರದಿತ್ತು.

ಮರುದಿನ ಲ್ಯಾಬಿಗೆ ಹೋಗಿ ಮಾಲೀಕರನ್ನೇ ಕರೆಸಿದೆ. ಮನೆಯವರಿಗೇ ಹೋಗಿದೆಯಲ್ಲ, ಹೊರಗಿನವರಿಗೇನೂ ಅಲ್ಲವಲ್ಲ ಎಂದು ನಕ್ಕು ಚಹಾ ತರಿಸಿದರು. ಚಹಾ ಮುಟ್ಟಲಿಲ್ಲ. ನನ್ನ ಕಣ್ಣೆದುರಿಗೇ ಆ ನಂಬರು ತೆಗೆಸಿ ನನ್ನದು ಹಾಕಿಸಿದೆ. ಅಲ್ಲಿಯವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಲೇಡಿ ಡಾಕ್ಟರು ಒಳಗಿಡುವ ಮಾತ್ರೆ ಕೊಟ್ಟರು. ಬೇಗನೆ ಗುಣವಾಯಿತು. ಅಷ್ಟರಲ್ಲಿ ಅಣ್ಣ ಪರಿಚಯದ ಡಾಕ್ಟರೊಬ್ಬರನ್ನು ಕೇಳಿದನಂತೆ. ಸಕ್ಕರೆ ಕಾಯಿಲೆ ಇದ್ದರೂ ಬರುತ್ತದೆ, ಆಂಟಿಬಯಾಟಿಕ್ ಮಾತ್ರೆ ನುಂಗಿದರೂ ಬರುತ್ತದೆ, ಏನೂ ಇಲ್ಲದೆಯೂ ಬರುತ್ತದೆ ಎಂದರಂತೆ. ಒಂದು ಮುಂಜಾನೆ ಮೆಟ್ಟಿಲ ಹತ್ತಿರ ನಿಂತು, ಅಂಗಡಿಗೆ ಕಡಲಿಯ ಆವಕ ಹೆಚ್ಚಾಗಿದೆ, ಲಗೂ ಬಾ ಎಂದು ಏನೂ ಆಗದವನಂತೆ ಕೂಗಿದ.

ನಾನು ಹೋಗಲಿಲ್ಲ. ಈಗ ಹುಬ್ಬಳ್ಳಿ ಪೇಟೆಯ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ಕೋಣೆ ಬಿಟ್ಟಿಲ್ಲ, ಅದು ಅವ್ವ ನನ್ನ ಹೆಸರಿಗೆ ಮಾಡಿಟ್ಟದ್ದು. ಅಲ್ಲೇ ಒಂದು ಒಲೆ ಹೂಡಿಕೊಂಡಿದ್ದೇನೆ. ಹಬ್ಬಕ್ಕೆ ವೈನಿ ಹೋಳಿಗೆ ಕಳಿಸುತ್ತಾಳೆ. ಮುಚ್ಚಳ ತೆಗೆಯದೆ ಡಬ್ಬಿಯನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು ಬರುತ್ತೇನೆ.