ಗೋಪಾಲಪ್ಪ ಬೆಕ್ಕು ಹುಡುಕಿದ್ದು

ನಮ್ಮತ್ತೆ ಪಾಪಕ್ಕನನ್ನು ಊರವರೆಲ್ಲ ಸಾಧು ಹೆಂಗಸು ಅನ್ನುತ್ತಾರೆ. ಅನ್ನಲಿ. ಹದಿನಾರು ವರ್ಷ ಜೊತೆಗೆ ಬಾಳಿದ ಸೊಸೆ ನಾನು. ಆಕೆ ಹಲ್ಲು ಕಚ್ಚಿಕೊಂಡು ಸೇಡು ತೀರಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಕೈಯನ್ನೂ ಜೋಡಿಸಿದ್ದೇನೆ.

ದೇವನಹಳ್ಳಿ ಕಡೆಯ ವಿಜಯಪುರದ ಪಕ್ಕದ ನಮ್ಮೂರಲ್ಲಿ ಮನೆಮನೆಗೂ ರೇಷ್ಮೆಹುಳು. ಹುಳು ತಿನ್ನಲು ಇಲಿಗಳು ಬರುತ್ತವೆ. ಅವನ್ನು ಹಿಡಿಯಲು ಬೀದಿಯ ಬೆಕ್ಕುಗಳಿದ್ದವು. ಯಾರೂ ಅವನ್ನು ಸಾಕುತ್ತಿರಲಿಲ್ಲ. ಒಂದು ಮನೆಯಲ್ಲಿ ಹಾಲು ಕುಡಿದು ಇನ್ನೊಂದು ಮನೆಯ ಅಟ್ಟದಲ್ಲಿ ಮರಿ ಹಾಕುತ್ತಿದ್ದವು. ಅವುಗಳಲ್ಲಿ ಕೆಂಚು ಬಣ್ಣದ ಕೆಂಚಿಗೆ ಮಾತ್ರ ಅತ್ತೆಯ ಕೈತುತ್ತೇ ಬೇಕು. ಮಾವ ತೀರಿಕೊಂಡ ವಾರ ಅದು ಬಂದು ಅವರ ಚಾಪೆಯ ಮೇಲೆ ಮಲಗಿತ್ತು. ಅಂದಿನಿಂದ ಅತ್ತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅದರ ಜೊತೆಗೇ.

ವಿಮಾನ ನಿಲ್ದಾಣ ಶುರುವಾದ ಮೂರನೇ ವರ್ಷ ಎದುರುಮನೆ ಗೋಪಾಲಪ್ಪ ಬಿಳಿ ಕಾರು ತಂದು ಅಲ್ಲಿಗೆ ಬಾಡಿಗೆ ಓಡಿಸತೊಡಗಿದ. ಬಾನೆಟ್ ಮೇಲೆ ಬೆಕ್ಕಿನ ಕೆಸರು ಹೆಜ್ಜೆ ಕಂಡರೆ ಅವನಿಗೆ ಮೈಯೆಲ್ಲ ಉರಿ. ಒಂದು ಬೆಳಗ್ಗೆ ಬೀದಿಯ ಐದು ಬೆಕ್ಕುಗಳನ್ನೂ ಗೋಣಿಚೀಲಕ್ಕೆ ತುಂಬಿ, ಡಿಕ್ಕಿಗೆ ಹಾಕಿಕೊಂಡು, ದೇವನಹಳ್ಳಿ ಹತ್ತಿರದ ಹೆದ್ದಾರಿ ಹೋಟೆಲೊಂದರ ಹಿಂದೆ ಬಿಟ್ಟು ಬಂದ. ಕೆಂಚಿ ಮರಿ ಹಾಕಿ ನಾಲ್ಕೇ ದಿನವಾಗಿತ್ತು.

ಅತ್ತೆ ಹತ್ತಿಬತ್ತಿ ಅದ್ದಿ ಅದ್ದಿ ಹಾಲು ಕುಡಿಸಿದರು. ಮೂರನೇ ದಿನದ ಹೊತ್ತಿಗೆ ಮೂರೂ ಮರಿಗಳು ಕಣ್ಣು ತೆರೆಯದೆಯೇ ಸತ್ತವು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಹೂತು, ಕೈಯ ಮಣ್ಣನ್ನೂ ತೊಳೆಯದೆ ಗೋಪಾಲಪ್ಪನ ಬಾಗಿಲಲ್ಲಿ ನಿಂತರು.

“ಬೆಕ್ಕಲ್ವಾ ಅಕ್ಕಾ, ಹೋದ್ರೆ ಇನ್ನೊಂದು ಬರ್ತದೆ ಬಿಡು,” ಎಂದು ನಕ್ಕ. ಆ ನಗುವನ್ನು ನಾನೂ ಮರೆತಿಲ್ಲ.

ಹದಿನೈದನೇ ದಿನ ಕೆಂಚಿ ಕುಂಟುತ್ತಾ ತಾನಾಗಿ ಬಂತು. ಬರೀ ಮೂಳೆ. ಅತ್ತೆ ಅದನ್ನು ಸೆರಗಲ್ಲಿ ಮುಚ್ಚಿ ಹುಳುಮನೆಯ ಒಳಗಿನ ಸೊಪ್ಪಿನ ಕೋಣೆಗೆ ಒಯ್ದು ಚಿಲಕ ಹಾಕಿದರು. ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಹುಳುವಿಗೆ ರೋಗ ತಗಲುತ್ತದೆ. ನಮ್ಮ ಕಡೆ ಎಂಥ ಜಗಳಗಂಟರೂ ಇದನ್ನು ಮೀರುವುದಿಲ್ಲ.

“ಯಾರತ್ರಾನೂ ಬಾಯಿ ಬಿಡ್ಬೇಡ ಕಣಮ್ಮ,” ಎಂದರು. ನಾನು ಬಿಡಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಇಲಿಗಳದೇ ದರ್ಬಾರು. ಗೋಪಾಲಪ್ಪನ ಹೆಂಡತಿ ಶಶಿರೇಖಾ ದಿನಾ ಬೆಳಗ್ಗೆ ನೋಡಿದರೆ ತಟ್ಟೆಯಲ್ಲಿ ಹುಳು ಕಡಿಮೆ. ವಿಷ ಇಡಲು ಭಯ, ಸೊಪ್ಪಿಗೆ ತಾಗಿದರೆ ಹುಳುವೇ ಸಾಯುತ್ತದೆ. ಬೇರೆ ಊರಿಂದ ತಂದ ಬೆಕ್ಕು ಎರಡೇ ದಿನಕ್ಕೆ ಓಡಿಹೋಯಿತು. ಕೊನೆಗೆ ಗೋಪಾಲಪ್ಪ ನಮ್ಮ ಜಗುಲಿಗೆ ಬಂದ.

“ಅಕ್ಕಾ, ಏನ್ ಮಾಡ್ಲಿ ಹೇಳು.”

“ಕೆಂಚೀನ ಹುಡ್ಕೊಂಡ್ ಬಾ. ಅದು ಬಂದ್ರೆ ನಿಮ್ಮನೇನೂ ಕಾಯ್ತದೆ.”

ಹುಡುಕಿದ. ಬಾಡಿಗೆ ಬಿಟ್ಟು ಹೋಟೆಲಿನ ಎಂಜಲೆಲೆಗಳ ನಡುವೆ “ಕೆಂಚೀ, ಕೆಂಚೀ” ಎಂದು ಕೂಗುತ್ತಿದ್ದನಂತೆ; ಜೊತೆಯ ಡ್ರೈವರುಗಳು ಊರಿಗೆಲ್ಲ ಹೇಳಿಕೊಂಡು ನಕ್ಕರು. ಮೈಕೈ ಪರಚಿಸಿಕೊಂಡು ನಾಲ್ಕು ಸಲ ಕೆಂಚು ಬೆಕ್ಕುಗಳನ್ನು ಹಿಡಿದು ತಂದ. ಪ್ರತಿ ಸಲವೂ ಅತ್ತೆ ಅದನ್ನು ಎತ್ತಿ, ಕಿವಿ ನೋಡಿ, ಬಾಲ ನೋಡಿ, “ಇದಲ್ಲ ಕಣಪ್ಪ” ಅನ್ನುತ್ತಿದ್ದರು. ಆ ಬೆಕ್ಕುಗಳೂ ಊರಲ್ಲಿ ನಿಲ್ಲದೆ ಓಡಿಹೋದವು. ಅತ್ತೆ ಹಾಗನ್ನುವಾಗ ನಾನು ಒಳಗೆ ಕೆಂಚಿಗೆ ಹಾಲು ಬಗ್ಗಿಸುತ್ತಿದ್ದೆ. ಅಯ್ಯೋ ಅನಿಸಲಿಲ್ಲವೇ ಅಂದರೆ, ಇಲ್ಲ. ಹೊಟ್ಟೆ ತಣ್ಣಗಾಗುತ್ತಿತ್ತು.

ಗೋಪಾಲಪ್ಪನ ಮನೆಯ ಹುಳು ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಏರಿದವು. ಬೆಳಗಾಗುವಷ್ಟರಲ್ಲಿ ಇಲಿಗಳು ಚಂದ್ರಿಕೆಗಳನ್ನೆಲ್ಲ ಬರಿದು ಮಾಡಿದ್ದವು. ಶಶಿರೇಖಾ ಅಳುವುದು ಕೇಳಿದಾಗ ಮಾತ್ರ ನನಗೆ ಅಯ್ಯೋ ಅನಿಸಿತು. ಗೋಪಾಲಪ್ಪ ಅಂಗಳದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದ.

ಅತ್ತೆ ಎದ್ದು ಹೋಗಿ ಸೊಪ್ಪಿನ ಕೋಣೆಯ ಚಿಲಕ ತೆಗೆದರು. ಕೆಂಚಿ ಮೈ ಮುರಿದು, ಬೀದಿ ದಾಟಿ, ಬಿಳಿ ಕಾರಿನ ಬಾನೆಟ್ ಹತ್ತಿ ಕೂತಿತು.

ಗೋಪಾಲಪ್ಪ ಅದನ್ನು ನೋಡಿದ, ಆಮೇಲೆ ಅತ್ತೆಯನ್ನು ನೋಡಿದ.

“ಯಾವಾಗ್ ಬಂತಕ್ಕಾ ಇದು?”

“ಮರಿ ಹೂತ ಹನ್ನೆರಡನೇ ದಿನ,” ಎಂದರು ಅತ್ತೆ. “ಬೆಳೆ ಅಲ್ವಾ ಗೋಪಾಲ, ಹೋದ್ರೆ ಇನ್ನೊಂದು ಬರ್ತದೆ ಬಿಡು.”