ಮೀನನ್ನು ಮುಪ್ಪಿಗೆ ಮುಟ್ಟಿಸುವ ಮೀನಕ್ಕ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾಲಯದ ಹಿಂಬದಿಯ ಕೋಣೆಯಲ್ಲಿ ಗಾಳಿ ಪಂಪುಗಳು ಗೊರಗೊರ ಎನ್ನುತ್ತಿವೆ. ಮೀನಕ್ಕ ತಮ್ಮ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಒಳಗಿನ ರಬ್ಬರ್ ಚಪ್ಪಲಿ ಮೆಟ್ಟಿ, ಮೊಣಕೈವರೆಗೆ ಬರೀ ನೀರಿನಲ್ಲಿ ಕೈ ತೊಳೆಯುತ್ತಾರೆ. ಸೋಪು ಮುಟ್ಟುವ ಹಾಗಿಲ್ಲ. ಅದರ ಅಂಶ ನೀರಿಗಿಳಿದರೆ ಅವರ ಮಕ್ಕಳಿಗೆ ಆಗಿಬರುವುದಿಲ್ಲ. ಮಕ್ಕಳೆಂದರೆ ಗೋಡೆಯುದ್ದಕ್ಕೂ ಕಪಾಟಿನಲ್ಲಿ ಸಾಲುಸಾಲಾಗಿ ಕೂತ ಚಿಕ್ಕ ತೊಟ್ಟಿಗಳಲ್ಲಿ ಒಂದೊಂದಾಗಿ ವಾಸಿಸುವ ಮೀನುಗಳು. ಗಂಡುಗಳಿಗೆ ನೀಲಿ ಮೈ, ಕೆಂಪು ಬಾಲ, ಜಂಬವೋ ಜಂಬ. ಹೆಣ್ಣುಗಳು ಬೂದು ಬಣ್ಣದವು, ತಮ್ಮ ಪಾಡಿಗೆ ತಾವಿರುವಂಥವು.

ಮೂಲೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿದ ಬಾಟಲಿಯೊಂದರಲ್ಲಿ ಉಪ್ಪುನೀರು ಗುಳ್ಳೆಯೇಳುತ್ತಿದೆ. ನಿನ್ನೆ ಹಾಕಿದ ಸಿಗಡಿ ಮೊಟ್ಟೆಗಳು ಒಡೆದು, ಕಿತ್ತಳೆ ಬಣ್ಣದ ಧೂಳಿನಂಥ ಮರಿಗಳು ಹೊರಬಂದಿವೆ. ಮೀನಕ್ಕ ಗಾಳಿ ನಿಲ್ಲಿಸಿ, ಓಡುಗಳು ಮೇಲೆ ತೇಲುವವರೆಗೆ ಕಾದು, ಕೆಳಗಿನಿಂದ ಮರಿಗಳನ್ನಷ್ಟೇ ತೆಳುಬಟ್ಟೆಗೆ ಸೋಸಿಕೊಳ್ಳುತ್ತಾರೆ. ಮೀನುಗಳ ಊಟ ಇದೇ. ಆಮೇಲೆ ಪ್ರತಿ ತೊಟ್ಟಿಗೂ ಒಂದೇ ಅಳತೆ. ಸುತ್ತು ಮುಗಿದ ಮೇಲೆ ಮತ್ತೊಂದು ಸುತ್ತು ಬಂದು, ತಿನ್ನದೆ ಉಳಿದದ್ದನ್ನು ಸಣ್ಣ ಕೊಳವೆಯಿಂದ ಎಳೆದು ತೆಗೆಯುತ್ತಾರೆ.

"ಮರಿ ಬೆಳೆಸೋದು ಯಾರು ಬೇಕಾದ್ರೂ ಮಾಡ್ತಾರೆ. ಮುದುಕ ಆಗೋವರೆಗೂ ಬದುಕಿಸ್ಬೇಕಲ್ಲ, ಅದು ಕೆಲಸ" ಎನ್ನುತ್ತಾರೆ, ಕೈ ನಿಲ್ಲಿಸದೆ.

ಈ ಮೀನಿನದು ಅವಸರದ ಬದುಕು. ಮಳೆ ಬಂದಾಗ ತುಂಬಿ, ಬಿಸಿಲಿಗೆ ಒಣಗಿಹೋಗುವ ಹೊಂಡಗಳಲ್ಲಿ ಹುಟ್ಟಿದ ಜಾತಿ. ನೀರು ಆರುವುದರೊಳಗೆ ಬೆಳೆದು, ಕೆಸರಿನಲ್ಲಿ ಮೊಟ್ಟೆಯಿಟ್ಟು ಕಣ್ಣು ಮುಚ್ಚಬೇಕು. ಹೊಂಡ ಬಿಟ್ಟು ತೊಟ್ಟಿಗೆ ಬಂದರೂ ಆ ಅವಸರ ಬಿಟ್ಟಿಲ್ಲ. ಕೆಲವೇ ತಿಂಗಳಲ್ಲಿ ಬಣ್ಣ ಮಾಸುತ್ತದೆ, ಬೆನ್ನು ಬಾಗುತ್ತದೆ, ಈಜು ಸೋಮಾರಿಯಾಗುತ್ತದೆ. ನಮಗೆ ಒಂದು ಆಯುಷ್ಯ ಹಿಡಿಯುವ ಮುಪ್ಪು ಇಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕಾರು ಹಾಳೆ ಮಗುಚುವಷ್ಟರಲ್ಲಿ ಬಂದು ಕೂರುತ್ತದೆ. ಮುಪ್ಪನ್ನು ಓದುವವರಿಗೆ ಇಂಥ ಪ್ರಾಣಿಯೇ ಬೇಕು.

ಓದುವುದಾದರೂ ಏನನ್ನು? ಜೀವಕೋಶದೊಳಗಿನ ಡಿಎನ್‌ಎ ಬರಹ ಹುಟ್ಟಿನಿಂದ ಸಾವಿನವರೆಗೆ ಹೆಚ್ಚುಕಡಿಮೆ ಅದೇ ಇರುತ್ತದೆ. ಆದರೆ ಆ ಬರಹದ ಮೇಲೆ ಅಂಟಿಕೊಳ್ಳುವ ಪುಟ್ಟ ರಾಸಾಯನಿಕ ಗುರುತುಗಳು ವಯಸ್ಸಾದಂತೆ ಬದಲಾಗುತ್ತವೆ. ಯಾವ ಭಾಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಹೇಳುವವು ಅವೇ. ಇಲ್ಲಿನ ಸಂಶೋಧಕಿ ಆ ಗುರುತುಗಳನ್ನು ನೋಡಿಯೇ ಮೀನಿನ ವಯಸ್ಸು ಹೇಳಬಹುದೇ ಎಂದು ಹುಡುಕುತ್ತಿದ್ದಾಳೆ. ಮೀನಕ್ಕನಿಗೆ ಅವಳು ಅರ್ಥ ಮಾಡಿಸಿದ್ದು ಹೀಗೆ: ಮನೆ ಅದೇ, ಕೋಣೆಗಳೂ ಅವೇ, ವಯಸ್ಸಾದಂತೆ ಕೆಲವು ಬೀಗ ತುಕ್ಕು ಹಿಡಿಯುತ್ತವೆ, ಕೆಲವು ಬಾಗಿಲು ಹಾಕಿದರೂ ಹಾಕಿಕೊಳ್ಳುವುದಿಲ್ಲ. "ಹಾಗಂದ್ರೆ ನಮ್ಮನೆ ಕಥೇನೇ" ಎಂದಿದ್ದರಂತೆ ಮೀನಕ್ಕ.

ಈ ಕೆಲಸಕ್ಕೆ ಬರುವ ಮೊದಲು ಅವರು ವೃದ್ಧಾಶ್ರಮದಲ್ಲಿ ಆಯಾ ಆಗಿದ್ದರು. ಕೈ ನಡುಗುವವರಿಗೆ, ನುಂಗಲು ಕಷ್ಟಪಡುವವರಿಗೆ ಚಮಚದಲ್ಲಿ ಉಣಿಸುವುದು ಅವರ ಪಾಲಿನ ಕೆಲಸ. ಎಂಥ ಹಟದ ಅಜ್ಜನಾದರೂ ಅವರ ಕೈಯಲ್ಲಿ ಇನ್ನೆರಡು ತುತ್ತು ಹೆಚ್ಚೇ ತಿನ್ನುತ್ತಿದ್ದ. ಆಶ್ರಮ ಮುಚ್ಚಿದಾಗ ಪರಿಚಯದವರೊಬ್ಬರು ಇಲ್ಲಿಗೆ ಸೇರಿಸಿದರು. ಮೀನಿಗೆ ಊಟ ಹಾಕುವ ಉದ್ಯೋಗವೂ ಒಂದಿದೆಯೇ ಎಂದು ಅವರ ಅತ್ತೆ ಮೂಗು ಮುರಿದರು. ಹಲ್ಲೆಲ್ಲ ಉದುರಿದರೂ ನಾಲಿಗೆ ಮೊಂಡಾಗದ ಹೆಂಗಸು. ಮೀನಿಗಾದರೆ ತೊಟ್ಟು ತೊಟ್ಟು ಅಳೆದು ಬಡಿಸುತ್ತೀಯ, ನನ್ನ ಗಂಜಿಗೆ ಮಾತ್ರ ಉಪ್ಪಿನ ಅಂದಾಜೇ ಇಲ್ಲ ಎಂದು ಈಗಲೂ ದಿನಾ ಛೇಡಿಸುತ್ತಾರೆ. ಮೀನಕ್ಕ ಎಂದು ಹೆಸರಿಟ್ಟದ್ದೂ ಅವರೇ. ತಮಾಷೆಗೆ ಇಟ್ಟ ಹೆಸರು ಸಂಶೋಧನಾಲಯದವರೆಗೂ ನಡೆದುಕೊಂಡು ಬಂದಿದೆ.

ಉಣಿಸುವ ಕೈಗೆ ಉಣಿಸುವುದೇ ಚಾಳಿ. ಎಡವಟ್ಟಾದದ್ದೂ ಅಲ್ಲೇ. ಮೀನಕ್ಕನಿಗೆ ಮೊಣಕಾಲು ನೋವು. ಹಾಗಾಗಿ ಮೇಲಿನ ಸಾಲಿನಿಂದ ಶುರು ಮಾಡಿ, ಕೊನೆಗೆ ಕೆಳಗಿನ ಸಾಲಿಗೆ ಬಂದಾಗ ಪುಟ್ಟ ಸ್ಟೂಲೊಂದನ್ನು ಎಳೆದುಕೊಂಡು ಕೂರುತ್ತಿದ್ದರು. ಮೀನುಗಳಿಗೆ ವಯಸ್ಸಾಗಿತ್ತು. ತುತ್ತು ಕಣ್ಣೆದುರಿಗಿದ್ದರೂ ಹಿಡಿಯಲು ಹೊತ್ತು ಹಿಡಿಯುತ್ತಿತ್ತು. ಮೇಲಿನವುಗಳ ಮಿಕ್ಕ ಊಟ ಹೊತ್ತಿಗೆ ಸರಿಯಾಗಿ ಕೊಳವೆಯಲ್ಲಿ ಹೋಗುತ್ತಿತ್ತು. ಕೆಳಗಿನವಕ್ಕೆ ಮಾತ್ರ, ತಿನ್ನಲಿ ಪಾಪ ಎಂದು ಮೀನಕ್ಕ ಕಾಯುತ್ತಿದ್ದರು. ಎದುರು ಬಂದು ನಿಂತು ಬಾಯಿ ಬಿಟ್ಟರೆ, ಬಟ್ಟೆಯಲ್ಲಿ ಉಳಿದ ಸಿಗಡಿ ಮರಿಗಳನ್ನೂ ಒಂದೊಂದು ತೊಟ್ಟು ಹಾಕಿಬಿಡುತ್ತಿದ್ದರು. ಅದು ತಪ್ಪೆಂದು ಅವರಿಗೆ ಅನ್ನಿಸಲೇ ಇಲ್ಲ.

ಗುರುತುಗಳನ್ನು ಓದಿದ ದಿನದಿಂದ ಸಂಶೋಧಕಿಯ ನಿದ್ದೆ ಹಾರಿಹೋಯಿತು. ಒಂದೇ ತಾಯಿಯ ಮೊಟ್ಟೆಗಳು, ಒಂದೇ ದಿನ ಹುಟ್ಟಿದವು, ಒಂದೇ ನೀರು. ಆದರೂ ಕೆಳಗಿನ ಸಾಲಿನ ಮೀನುಗಳು ತಮ್ಮ ವಯಸ್ಸಿಗಿಂತ ಮುದಿಯಾಗಿ ಕಾಣುತ್ತಿದ್ದವು. ದೀಪ ಪರೀಕ್ಷಿಸಿದಳು, ನೀರಿನ ಬಿಸಿ ಅಳೆದಳು, ಗುರುತು ಓದುವ ಯಂತ್ರವನ್ನು ಬೈದಳು. ಅವಳ ಪಿಎಚ್‌ಡಿ ಅವಧಿ ಮುಗಿಯುತ್ತ ಬಂದಿತ್ತು. ಇದರ ಕಾರಣ ಸಿಗದಿದ್ದರೆ ಪದವಿಯಿಲ್ಲದೆ ಬರಿಗೈಯಲ್ಲಿ ಮನೆಗೆ ಹೋಗಬೇಕಾದ ಸ್ಥಿತಿ. ಕೈ ತೊಳೆಯುವ ಸಿಂಕಿನ ಬಳಿ ಅವಳು ಸಂಶೋಧನಾಲಯದ ಮುಖ್ಯಸ್ಥರಿಗೆ ಇದನ್ನೆಲ್ಲ ಹೇಳುತ್ತಿದ್ದಾಗ, ಊಟ ಹೆಚ್ಚಾದರೂ ಗುರುತುಗಳು ಬೇಗ ಬದಲಾಗಬಹುದು, ಆದರೆ ಊಟ ಎಲ್ಲಕ್ಕೂ ಒಂದೇ ಅಲ್ಲವೇ ಎಂದು ಮುಖ್ಯಸ್ಥರು ಕೇಳಿದ್ದು ಮೀನಕ್ಕನ ಕಿವಿಗೆ ಬಿತ್ತು. ಆ ಸ್ಟೂಲು, ಆ ಹೆಚ್ಚಿನ ತೊಟ್ಟುಗಳು ಅವರಿಗೆ ನೆನಪಾದವು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಕೆಲಸ ಹೋಗುವುದರಲ್ಲಿ ಎರಡು ಮಾತಿರಲಿಲ್ಲ. ಆ ದಿನ ಮನೆಯಲ್ಲಿ ಅತ್ತೆಯೊಬ್ಬರಿಗೇ ವಿಷಯ ತಿಳಿಸಿದರು. ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟು, ಆ ಹುಡುಗಿಯೂ ಯಾರದೋ ಮನೆ ಮಗಳು, ಬೆಳಗಾಗುತ್ತಲೇ ಹೋಗಿ ಹೇಳು ಎಂದರು. ಅಂದು ಉಪ್ಪಿನ ಮಾತೇ ಬರಲಿಲ್ಲ.

"ಮಗಾ, ಯಂತ್ರದ್ದೇನೂ ತಪ್ಪಿಲ್ಲ. ನಾನೇ ಕೂತ್ಕೊಂಡು ಅವಕ್ಕೆ ಜಾಸ್ತಿ ತಿನ್ನಿಸ್ತಿದ್ದೆ" ಎಂದು ಮೀನಕ್ಕ ಹೇಳಿದಾಗ ಸಂಶೋಧಕಿ ದಾಖಲೆ ಪುಸ್ತಕ ತೆರೆದು, ಕೆಳಗಿನ ಸಾಲಿನ ಮೀನುಗಳ ಮೇಲೆ ಒಂದೊಂದಾಗಿ ಗೆರೆ ಎಳೆದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು ಎನ್ನುತ್ತಾರೆ ಮೀನಕ್ಕ. ಪ್ರೀತಿಯಿಂದ ಹಾಕಿದ ತುತ್ತೇ ಆ ಜೀವಗಳಿಗೆ ಬೇಗ ಮುಪ್ಪು ತಂದಿತಲ್ಲ ಎಂಬ ಸಂಕಟ ಅವರಿಗೆ ಇಂದಿಗೂ ಇದೆ. ಆ ಮೀನುಗಳ ಇಡೀ ತಂಡದ ಫಲಿತಾಂಶ ಪಕ್ಕಕ್ಕೆ ಹೋಯಿತು. ಮೀನಕ್ಕನನ್ನು ಗಾಜಿನ ಸಾಮಾನು ತೊಳೆಯಲು ಹಾಕೋಣ ಎಂದರು ಮುಖ್ಯಸ್ಥರು. ಆಗ ಆ ಹುಡುಗಿ ಹೇಳಿದ ಮಾತನ್ನು ಮೀನಕ್ಕ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ: "ಮೀನನ್ನ ಆ ವಯಸ್ಸಿಗೆ ಮುಟ್ಸೋಕೆ ಅಕ್ಕನಿಗೆ ಬರುತ್ತೆ ಸರ್. ಇನ್ನೊಂದ್ಸಲ ಅವರೇ ಬೆಳೆಸ್ಲಿ."

ಬೇಡಿ ಪಡೆದ ಹೆಚ್ಚುವರಿ ಅವಧಿಯಲ್ಲಿ ಇನ್ನೊಂದೇ ಒಂದು ತಂಡಕ್ಕೆ ಸಮಯವಿತ್ತು. ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಮಲಗಿಸಿಟ್ಟಿದ್ದ ಮೊಟ್ಟೆಗಳಿಗೆ ನೀರು ತೋರಿಸಿ ಮರಿ ಮಾಡಿದರು ಮೀನಕ್ಕ. ಸ್ಟೂಲನ್ನು ಗೇಟಿನ ಕಾವಲುಗಾರನಿಗೆ ಕೊಟ್ಟುಬಿಟ್ಟರು. ಈಗ ಮೊಣಕಾಲು ಹಿಡಿದುಕೊಂಡು ಬಗ್ಗಿಯೇ ಕೆಳಗಿನ ಸಾಲಿಗೆ ಊಟ ಹಾಕುತ್ತಾರೆ, ಯಾವ ಸಾಲಿನಲ್ಲೂ ನಿಲ್ಲುವುದಿಲ್ಲ. ಕೊರಳಲ್ಲಿ ಅಡುಗೆಮನೆಯ ಟೈಮರ್ ನೇತುಹಾಕಿಕೊಂಡಿದ್ದಾರೆ. ಅದು ಕಿರುಚಿದರೆ ಮುಗಿಯಿತು, ಅರ್ಧ ತಿಂದವನಾದರೂ ಸರಿ, ಉಳಿದದ್ದು ಕೊಳವೆಗೆ. ಬಾಯಿಬಿಟ್ಟು ಎದುರು ನಿಂತವನನ್ನು ನೋಡಿಯೂ ನೋಡದಂತೆ ಮುಂದೆ ಹೋಗುವುದು ಮೊದಮೊದಲು ಬಹಳ ಕಷ್ಟವಾಗುತ್ತಿತ್ತಂತೆ. "ಇದಕ್ಕೆ ಅಯ್ಯೋ ಪಾಪ ಅಂದ್ರೆ ಆ ಹುಡುಗಿ ಹಾಳಾಗ್ತಾಳೆ ಅಂತ ನನಗೆ ನಾನೇ ಹೇಳ್ಕೊಂಡೆ" ಎನ್ನುತ್ತಾರೆ.

ತಂಡ ಮುಪ್ಪಿಗೆ ಮುಟ್ಟಿತು. ಬಣ್ಣ ಮಾಸಿದರೂ ಮೈಯಲ್ಲಿ ಒಂದು ಗಾಯವಿಲ್ಲದೆ, ಕಾಯಿಲೆಯಿಲ್ಲದೆ ಮುಟ್ಟಿತು. ಗುರುತು ಓದಲು ಅವುಗಳ ಜೀವ ತೆಗೆಯಲೇಬೇಕು. ನೋವಾಗದಂತೆ ಮೊದಲು ಔಷಧಿಯ ನೀರಿನಲ್ಲಿ ಮಲಗಿಸುತ್ತಾರೆ. ಆ ದಿನ ರಜೆ ತೆಗೆದುಕೊಳ್ಳಿ ಎಂದರೂ ಕೇಳದೆ, ಮೀನಕ್ಕ ಒಂದೊಂದನ್ನೂ ಅದರದೇ ನೀರಿನಲ್ಲಿ ತಾವೇ ಎತ್ತಿಕೊಂಡು ಹೋಗಿ ಕೊಟ್ಟರು. ಅತ್ತಿರಾ ಎಂದು ಕೇಳಿದರೆ, ಹೌದು, ಅತ್ತುಬಿಟ್ಟೆ, ಅದರಲ್ಲೇನು ನಾಚಿಕೆ ಎನ್ನುತ್ತಾರೆ.

ಫಲಿತಾಂಶ ಕಳೆದ ವಾರ ಬಂತು. ಸಂಶೋಧಕಿ ಓಡಿಬಂದು, ಕೈ ಒರೆಸಿಕೊಳ್ಳಲೂ ಬಿಡದೆ ಮೀನಕ್ಕನನ್ನು ಕಂಪ್ಯೂಟರಿನ ಮುಂದೆ ತಂದು ನಿಲ್ಲಿಸಿದಳು. ಪರದೆಯ ತುಂಬ ಚುಕ್ಕಿಗಳು, ಒಂದು ಚುಕ್ಕಿಗೆ ಒಂದು ಮೀನು. ಗುರುತುಗಳು ಹೇಳಿದ ವಯಸ್ಸು, ಮೀನಿನ ನಿಜವಾದ ವಯಸ್ಸು ಎರಡೂ ಕೂಡಿಬಂದು ಚುಕ್ಕಿಗಳೆಲ್ಲ ಒಂದೇ ಗೆರೆಯ ಅಕ್ಕಪಕ್ಕದಲ್ಲಿದ್ದವು. ಹುಡುಗಿಯ ಪದವಿ ಉಳಿದಿತ್ತು. ಅವಳು ನಗುತ್ತಲೂ ಇದ್ದಳು, ಮೂಗು ಒರೆಸಿಕೊಳ್ಳುತ್ತಲೂ ಇದ್ದಳು.

ಅಂದಿನ ಮಾತು ಕೇಳಿದರೆ ಮೀನಕ್ಕನ ಮುಖ ಅರಳುತ್ತದೆ. "ಇದ್ರಲ್ಲಿ ಕೆಳಗಿನ ಸಾಲಿನವು ಯಾವ್ದು ತೋರ್ಸು ಅಂದೆ. ಅವಳು ಹುಡುಕಿದ್ಳು, ಹುಡುಕಿದ್ಳು. ಗೊತ್ತೇ ಆಗಲ್ಲ ಅಕ್ಕ, ಎಲ್ಲಾ ಒಂದೇ ಥರ ಇವೆ ಅಂದ್ಳು" ಎಂದು ಹೇಳಿ, ಒದ್ದೆ ಅಂಗೈಯನ್ನು ಒಮ್ಮೆ ನೋಡಿಕೊಂಡು, ಸಮಾಧಾನದಿಂದ ಸೇರಿಸುತ್ತಾರೆ: "ಇಷ್ಟು ದಿನ ಸಾಕಿದೀನಿ, ನನ್ನ ಕೈ ಗುರುತು ಮಾತ್ರ ಎಲ್ಲೂ ಕಾಣ್ಲಿಲ್ಲ ನೋಡಿ."