ಬೆಂಚಿಗೆ ಟವೆಲ್ ಹಾಸಿದ ತಾಯಿ

ಗೆಳೆಯರೇ, ಇವತ್ತು ರಾಯಚೂರಿನ ನಮ್ಮ ಕಾಲೇಜಿನಲ್ಲಿ ಪದವಿ ಪರೀಕ್ಷೆ ಇತ್ತು. ಕೊಠಡಿಯ ಮೇಲ್ವಿಚಾರಣೆ ನನ್ನದು. ಪ್ರಶ್ನೆಪತ್ರಿಕೆ ಹಂಚುವ ಮೊದಲೇ ಹೆಂಗಸೊಬ್ಬರು ಸೀದಾ ಒಳಗೆ ಬಂದರು. ರೇಣುಕಾ ಎಂಬ ವಿದ್ಯಾರ್ಥಿನಿಯ ಜಾಗ ಯಾವುದೆಂದು ಕೇಳಿ, ಆ ಖಾಲಿ ಬೆಂಚಿಗೆ, ಬಸ್ಸಿನಲ್ಲಿ ಸೀಟು ಹಿಡಿಯಲು ಹಾಕುವ ಹಾಗೆ, ಟವೆಲ್ ಹಾಸಿದರು.

"ಏನಿದು ಯವ್ವಾ?" ಎಂದೆ.

"ನಾ ರೇಣುಕಾನ ತಾಯಿ ರೀ. ಆಕಿಗೆ ಡೆಂಗಿ ಜ್ವರ. ದೇವದುರ್ಗದ ದವಾಖಾನ್ಯಾಗ ಸಲೈನ್ ಹಚ್ಯಾರ. ಇವತ್ತ ಬರೀಲಿಲ್ಲಂದ್ರ ಎಲ್ಲಾ ಹೋಗ್ತದಂತ ಅಳಾಕತ್ತಾಳ. ಆಕಿ ಬರೂತನಕ ಇಲ್ಲಿ ಯಾರನ್ನೂ ಕೂಡಿಸಬ್ಯಾಡ್ರಿ."

ಹುಡುಗರು ನಕ್ಕರು. ಸಹೋದ್ಯೋಗಿಯನ್ನು ಕೊಠಡಿಯಲ್ಲಿ ನಿಲ್ಲಿಸಿ, ಆ ತಾಯಿಯನ್ನು ಹೊರಗೆ ಕರೆದೊಯ್ದೆ. ಡಾಕ್ಟರ ಚೀಟಿ ಕೊಟ್ಟರೆ ಮಗಳು ಆಮೇಲೆ ಬರೆಯಬಹುದು, ವಿಶ್ವವಿದ್ಯಾಲಯ ಇವತ್ತಿನ ಗೈರುಹಾಜರಿಯನ್ನು ನಪಾಸೆಂದು ಎಣಿಸುವುದಿಲ್ಲ ಎಂದು ಹೇಳಿದೆ.

"ನನಗ ತಿಳಿಯಂಗಿಲ್ಲ. ಆಕಿಗೇ ಹೇಳ್ರಿ," ಎಂದು ಫೋನ್ ಹಚ್ಚಿ ಕೊಟ್ಟರು.

ರೇಣುಕಾಗೆ ಎಲ್ಲ ಹೇಳಿದೆ. ಅಳು ನಿಲ್ಲಿಸಿದಳು. ಆಮೇಲೆ ಸುಸ್ತಾದ ದನಿಯಲ್ಲಿ ಕೇಳಿದಳು:

"ಮೇಡಂ, ನಮ್ಮವ್ವ ರಾಯಚೂರಿಗೆ ಬಂದಾಳೇನ್ರಿ? ನನಗ ಚಹಾ ತರ್ತೀನಂತ ಹೋದಾಕಿ."

ಡಾಕ್ಟರ ಚೀಟಿಯ ನಿಯಮವನ್ನು ಇನ್ನು ಮೇಲೆ ತಾಯಂದಿರಿಗೂ ಮೊದಲೇ ಓದಿ ಹೇಳಬೇಕು. ಚಹಾ ದೇವದುರ್ಗದಿಂದ ಇಷ್ಟು ದೂರ ಬಂದು ಹೋಗುವಷ್ಟರಲ್ಲಿ ಆರಿಹೋಗುತ್ತದೆ.